ನನ್ನ ಬದಲಿನ ನಾಯಿ

ನಾಯಿಯ ಮೂಗು ಒಣಗಿದ್ದು ಕಂಡರೆ ಈಗಲೂ ನನ್ನ ಕೈ ತಾನಾಗಿ ಅಂಗಿಯ ಗುಂಡಿಯ ಕಡೆ ಹೋಗುತ್ತದೆ, ಯಾರೋ ಅದನ್ನು ಬಿಚ್ಚಿಸಿ ಬೇರೇನನ್ನೋ ತೊಡಿಸಲು ಬರುತ್ತಿದ್ದಾರೆ ಎಂಬಂತೆ. ಬೆಳಿಗ್ಗೆ ತಿರುಗಾಡಲು ಹೋದಾಗ ಎದುರಾಗುವ ಸಾಕುನಾಯಿಗಳನ್ನು ನಾನು ಮುದ್ದು ಮಾಡುವುದಿಲ್ಲ, ಪರೀಕ್ಷೆ ಮಾಡುತ್ತೇನೆ. ಕಿವಿ ಎತ್ತಿ ಮೂಸುತ್ತೇನೆ. ತುಟಿ ಸರಿಸಿ ಒಸಡಿನ ಬಣ್ಣ ನೋಡುತ್ತೇನೆ. ಬೆರಳ ಸಂದಿಯಲ್ಲಿ ರಕ್ತ ಹೀರುವ ಉಣ್ಣೆ ಕಚ್ಚಿಕೊಂಡಿದೆಯೇ ಎಂದು ಹುಡುಕುತ್ತೇನೆ. ಹಗ್ಗ ಹಿಡಿದು ನಿಂತ ಯಜಮಾನರು ಮುಜುಗರಪಟ್ಟುಕೊಂಡು, ತಾವು ದನದ ಡಾಕ್ಟರೇ ಎಂದು ಕೇಳಿದ್ದುಂಟು. ಅಲ್ಲ. ವಿಶ್ವವಿದ್ಯಾಲಯದಲ್ಲಿ ನಾನು ಓದಿದ್ದು ಪ್ರಾಣಿಶಾಸ್ತ್ರ, ಆಮೇಲೆ ಕಲಿಸಿದ್ದೂ ಅದನ್ನೇ. ಆದರೆ ಕಪ್ಪೆ, ಜಿರಲೆಗಳಾಚೆ ನನ್ನ ಕೈ ಹೋಗಲಿಲ್ಲ. ನಾಯಿಯ ವಿದ್ಯೆ ಅದಕ್ಕಿಂತ ಹಳೆಯದು, ನ್ಯಾಮತಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕಲಿತದ್ದು. ಹಾಗೆಂದು ನಾನು ನಂಬಿದ್ದೇನೆ. ನಂಬಿಕೆ ಎಂಬುದರ ಬಗ್ಗೆ ನನಗೆ ಅಷ್ಟು ಒಳ್ಳೆಯ ಅಭಿಪ್ರಾಯ ಇಲ್ಲದಿರುವುದರಿಂದ, ಇಲ್ಲಿ ಬರೆಯುವುದರಲ್ಲಿ ಯಾವುದು ಆಗ ಕಂಡದ್ದು, ಯಾವುದು ಆಮೇಲೆ ಪುಸ್ತಕಗಳಿಂದ ಬಂದು ಸೇರಿಕೊಂಡದ್ದು ಎಂದು ನಡುನಡುವೆ ನಿಂತು ಕೇಳಿಕೊಳ್ಳಬೇಕಾಗುತ್ತದೆ.

ಅದು ಮಣ್ಣಿನ ಮಾಳಿಗೆಯ ಮನೆ. ಎರಡೂ ಪಕ್ಕದ ಗೋಡೆಗಳು ಅಕ್ಕಪಕ್ಕದವರ ಗೋಡೆಗಳಿಗೆ ಅಂಟಿಕೊಂಡಿದ್ದರಿಂದ ಕಿಟಕಿ ಎನ್ನುವುದೇ ಇರಲಿಲ್ಲ. ಮಾಳಿಗೆಯ ಬೆಳಕಿಂಡಿಯಿಂದ ಇಳಿಯುವ ಬಿಸಿಲಿನ ಕೋಲು ಬೆಳಿಗ್ಗೆ ಒಲೆಯ ಹತ್ತಿರ, ಮಧ್ಯಾಹ್ನ ಬೀಸುಕಲ್ಲಿನ ಮೇಲೆ, ಸಂಜೆಗೆ ದನ ಕಟ್ಟುವ ಗೋದಲಿಯ ಕಡೆ ಸರಿಯುತ್ತಿತ್ತು. ನಮಗೆ ಹೊತ್ತು ತಿಳಿಯುತ್ತಿದ್ದದ್ದು ಹಾಗೆ. ಇದ್ದದ್ದು ಒಂದೇ ಬಾಗಿಲು. ದನ ಹೋಗುವುದೂ ಅದರಲ್ಲೇ, ಮನುಷ್ಯರು ಹೋಗುವುದೂ ಅದರಲ್ಲೇ, ಬಾಗಿಲ ಬದಿಯ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತ ಅಜ್ಜನ ಕಣ್ಣಿಗೆ ಬೀಳದೆ ಯಾರೂ ಹೋಗುವಂತಿರಲಿಲ್ಲ. ಅಜ್ಜನ ತಲೆಯ ಮೇಲಿನ ಗೂಟದಲ್ಲಿ ಅವನ ಕರಿ ಕಂಬಳಿಯ ನಿಲುವಂಗಿ, ಗಂಟೆ ಪೋಣಿಸಿದ ಸೊಂಟಪಟ್ಟಿ, ಭಂಡಾರದ ಚೀಲ ತೂಗುತ್ತಿದ್ದವು. ಅಜ್ಜ ಮೈಲಾರಲಿಂಗನ ಗೊರವ. ಭಂಡಾರವೆಂದರೆ ಆ ದೇವರ ಪ್ರಸಾದ, ಅರಿಶಿನದ ಪುಡಿ. ಗೊರವರೆಂದರೆ ಆ ದೇವರ ನಾಯಿಗಳು. ಇದು ಬೈಗುಳವಲ್ಲ, ಪದವಿ. ಭಾನುವಾರ ಅಜ್ಜ ದೋಣಿ ಎನ್ನುವ ಉದ್ದನೆಯ ಮರದ ಊಟದ ಪಾತ್ರೆಯನ್ನು ತೊಳೆದು ನೆಲಕ್ಕಿಡುತ್ತಿದ್ದ. ಅವ್ವ ಅದರೊಳಗೆ ಅನ್ನ, ಹಾಲು, ಬಾಳೆಹಣ್ಣು, ಬೆಲ್ಲ ಹಾಕುತ್ತಿದ್ದಳು. ಅಜ್ಜ ಕಂಬಳಿ ತೊಟ್ಟು, ಮಂಡಿ ಮತ್ತು ಅಂಗೈ ಊರಿ, ಬೊಗಳಿ, ಕೈ ಮುಟ್ಟಿಸದೆ ಬಾಯಲ್ಲೇ ಉಣ್ಣುತ್ತಿದ್ದ. ಆ ಬೊಗಳುವಿಕೆಯಲ್ಲಿ ತಮಾಷೆ ಇರಲಿಲ್ಲ. ನಮ್ಮ ಓಣಿಯ ನಿಜವಾದ ನಾಯಿಗಳೂ ಅದಕ್ಕೆ ಉತ್ತರ ಕೊಡುತ್ತಿದ್ದವು.

ನಾನು ಕೂಸಾಗಿದ್ದಾಗ ಕಣ್ಣು ಮೇಲೆ ಸಿಕ್ಕಿಸಿಕೊಂಡು ಸೆಟೆದು ಬಿದ್ದಿದ್ದೆನಂತೆ. ಆಗ ಅಜ್ಜ ಭಂಡಾರ ಹಿಡಿದು, ಬದುಕಿದರೆ ಇವನು ನಿನ್ನ ನಾಯಿ ಎಂದು ಹರಕೆ ಹೊತ್ತ. ಬದುಕಿದೆ, ಮೈಲಾರಿ ಎಂದು ಹೆಸರಿಟ್ಟರು. ಹರಕೆ ತೀರಿಸುವುದೆಂದರೆ ನನಗೂ ಕಂಬಳಿ ತೊಡಿಸಿ, ದೀಕ್ಷೆ ಕೊಟ್ಟು, ದೋಣಿಯ ಮುಂದೆ ಬೊಗಳಿಸಿ, ಅಜ್ಜನ ಹಿಂದೆ ಊರೂರು ಭಿಕ್ಷೆಗೆ ಕಳಿಸುವುದು. ಅಪ್ಪ ಅಜ್ಜನೆದುರು ಬಾಯಿ ತೆರೆದವನಲ್ಲ. ಹತ್ತಿಯ ಅಂಗಡಿಗೆ ಮೂಟೆ ಹೊರಲು ಹೋದರೆ ದೀಪ ಹಚ್ಚುವ ಹೊತ್ತಿಗೆ ಬಂದು ಉಂಡು ಮಲಗುತ್ತಿದ್ದ. ಮಾತಾಡಿದವಳು ಅವ್ವ. ಆ ದಿನಗಳಲ್ಲೇ ಅವಳ ತಮ್ಮ, ಬಿಳಿಚೋಡಿನ ಸಿದ್ದಣ್ಣ ಮಾವ, ತನ್ನ ಕುರಿಮಂದೆಯ ನಾಯಿಯ ಮರಿಯೊಂದನ್ನು ನಮ್ಮ ಮನೆಗೆ ಬಿಟ್ಟು ಹೋಗಿದ್ದ. ಅವ್ವ ಆ ಮರಿಯನ್ನು ತಂದು ಅಜ್ಜನ ಮುಂದೆ ಇಟ್ಟಳಂತೆ. ಈ ಮಾತುಗಳನ್ನು ನಾನು ಕೇಳಿರಲು ಸಾಧ್ಯವಿಲ್ಲ, ಆದರೂ ಕೇಳಿದಂತೆಯೇ ಕೇಳುತ್ತವೆ:

"ಮಾವಾರೆ, ಸ್ವಾಮಿ ಕೇಳಿದ್ದು ನಾಯಿ ತಾನೆ? ಇದು ಹುಟ್ಟಾ ನಾಯಿ. ಇದು ಇರಾತನಕ ಇದು ದುಡೀಲಿ. ಇದು ಹೋದ್ಮ್ಯಾಲೆ ನನ್ ಮಗನ್ನ ತಗಳ್ರಿ."

"ಸ್ವಾಮಿ ಕೂಡೆ ಚೌಕಾಸಿ ಮಾಡ್ತೀಯೇನು ಹಾಲವ್ವ?"

"ಸ್ವಾಮಿ ಕೂಡೆ ಅಲ್ರೀ. ನಿಮ್ ಕೂಡೆ."

ಅಜ್ಜ ಒಪ್ಪಿದ. ಕಂದು ಮೈ, ಕೊರಳಲ್ಲಿ ಬಿಳಿ ಪಟ್ಟೆ. ಹಾಗಾಗಿ ಕೆಂಚ ಎಂಬ ಹೆಸರು ಬಂತು. ಭಾನುವಾರ ದೋಣಿಯ ಇನ್ನೊಂದು ತುದಿಗೆ ಕೆಂಚ ಬಾಯಿ ಹಾಕುತ್ತಿದ್ದ, ಅಜ್ಜ ಅವನ ಹಣೆ, ಬೆನ್ನು, ಕಿವಿಗೆಲ್ಲ ಭಂಡಾರ ಬಳಿಯುತ್ತಿದ್ದ. ಅವನನ್ನು ನಾವು ಯಾವತ್ತೂ ಕಟ್ಟಲಿಲ್ಲ. ಓಣಿ, ಕೆರೆ, ಹೊಲ ಎಲ್ಲ ಸುತ್ತಿ ತಾನೇ ಬಂದು ಹೊಸ್ತಿಲಲ್ಲಿ ಮಲಗುತ್ತಿದ್ದ. ಸ್ವಾಮಿಯ ನಾಯಿಗೆ ಹಗ್ಗ ಯಾಕೆ ಎನ್ನುತ್ತಿದ್ದ ಅಜ್ಜ.

ಹೀಗೆ ನನ್ನ ಬಾಲ್ಯ ಒಂದು ನಾಯಿಯ ಆರೋಗ್ಯದ ಮೇಲೆ ನಿಂತಿತ್ತು. ಉಳಿದ ಮಕ್ಕಳು ಎದ್ದ ತಕ್ಷಣ ಏನು ಮಾಡುತ್ತಿದ್ದರೋ, ನಾನು ಕೆಂಚನ ಮೂಗು ಮುಟ್ಟುತ್ತಿದ್ದೆ. ಒದ್ದೆಯಾಗಿ ತಣ್ಣಗಿದ್ದರೆ ದಿನ ಚೆನ್ನಾಗಿದೆ. ಒಣಗಿದ್ದರೆ ಒಲೆಯ ಹತ್ತಿರ ಮಲಗಿದ್ದನೇ ಎಂದು ಮೊದಲು ವಿಚಾರಿಸಬೇಕು, ಯಾಕೆಂದರೆ ಬೂದಿಯ ಬಿಸಿಗೂ ಮೂಗು ಒಣಗುತ್ತದೆ. ಹುಲ್ಲು ತಿಂದು ಹಳದಿ ನೊರೆ ಕಕ್ಕಿ ತಕ್ಷಣ ರೊಟ್ಟಿ ಕೇಳಿದರೆ ಹೆದರಬೇಕಿಲ್ಲ. ಕಕ್ಕಿ ಮೂಲೆ ಹಿಡಿದರೆ ಹೆದರಬೇಕು. ನೆಲಕ್ಕೆ ಕುಂಡಿ ಒರೆಸಿಕೊಂಡು ಸಾಗಿದರೆ ಹೊಟ್ಟೆಯಲ್ಲಿ ಹುಳ. ತಲೆಯನ್ನು ಒಂದೇ ಕಡೆ ವಾಲಿಸಿ ಒದರಿದರೆ ಕಿವಿಯೊಳಗೆ ಕೀವು, ಮೂಸಿದರೆ ಹುಳಿ ಹಿಟ್ಟಿನ ವಾಸನೆ. ಕಣ್ಣಿನ ಮೂಲೆಯಿಂದ ಬಿಳಿ ಪೊರೆ ಮೇಲೆದ್ದು ನಿಂತರೆ ಮೈಯಲ್ಲಿ ಏನೋ ಇದೆ. ಗಂಟಲಲ್ಲಿ ಎಲುಬು ಸಿಕ್ಕಂತೆ ಕೆಮ್ಮಿದರೆ ಬಾಯಿ ತೆರೆದು ನೋಡಬೇಕು. ಎಲುಬು ಕಾಣದಿದ್ದರೆ ಹುಚ್ಚು ಹಿಡಿದಿರಬಹುದು, ಬೇಗನೆ ಕೈ ತೆಗೆಯಬೇಕು. ತುರಿಗೆ ಗಂಧಕ ಹಾಕಿ ಕಾಸಿದ ಹೊಂಗೆ ಎಣ್ಣೆ, ಉಣ್ಣೆಗೆ ಹೊಗೆಸೊಪ್ಪಿನ ನೀರು. ಒಸಡು ಒತ್ತಿ ಬಿಟ್ಟು, ಬಿಳುಚಿದ್ದು ಎಷ್ಟು ಬೇಗ ಕೆಂಪಾಗುತ್ತದೆ ಎಂದು ನೋಡುವುದನ್ನು ಮಾತ್ರ ಆಮೇಲೆ ಓದಿ ಕಲಿತಿರಬೇಕು. ಆದರೂ ಸ್ಮರಣೆಯಲ್ಲಿ ಒಸಡು ಒತ್ತುತ್ತಿರುವ ಹೆಬ್ಬೆರಳು ಪುಟ್ಟದು, ಉಗುರಿನೊಳಗೆ ಬಳಪದ ಪುಡಿ ಇದೆ.

ಮನೆಯಲ್ಲಿ ಈ ಲಕ್ಷಣಗಳ ಮೇಲೆ ಜಗಳಗಳಾಗುತ್ತಿದ್ದವು. ಅಪ್ಪನ ಅಕ್ಕ ಗೌರತ್ತೆ, ಗಂಡನ ಮನೆ ಬಿಟ್ಟು ಬಂದು ನಮ್ಮಲ್ಲಿದ್ದವಳು, ಕೆಂಚ ಒಂದು ಹೊತ್ತು ಉಣ್ಣದಿದ್ದರೂ ಅದನ್ನು ಪಡಸಾಲೆಗೆ ಹೋಗಿ ಒಪ್ಪಿಸುತ್ತಿದ್ದಳು. ಅವಳಿಗೆ ನನ್ನ ಮೇಲೆ ದ್ವೇಷವೇನೂ ಇರಲಿಲ್ಲ. ದೇವರ ಮಾತು ತಪ್ಪಿದರೆ ಮನೆ ಉಳಿಯುವುದಿಲ್ಲ ಎಂಬ ಭಯ. ಅದಕ್ಕೆಂದೇ ಅವ್ವ ಕೆಂಚ ಬಿಟ್ಟ ಅನ್ನವನ್ನು ಸೆರಗಿನಲ್ಲಿ ಮರೆಮಾಡಿ ಕರುವಿನ ಬಾನಿಗೆ ಸುರಿಯುತ್ತಿದ್ದಳು. ಒಮ್ಮೆ ಸಿಕ್ಕಿಬಿದ್ದಳು.

"ನಾಯಿ ಅನ್ನ ಕರ ತಿಂತೈತೇನೇ ಹಾಲವ್ವ? ನಿಮ್ ತೌರಾಗೆ ಹಿಂಗೇನು?"

"ನಮ್ ತೌರಾಗೆ ಕರಾನೂ ತಿಂತೈತೆ, ನಾಯೀನೂ ತಿಂತೈತೆ, ನಾದಿನೀನೂ ತಿಂತಾಳೆ. ಯಾರೂ ಎಣಿಸಾಕೆ ಹೋಗಲ್ಲ."

ನಗುತ್ತಲೇ ಹೇಳಿದಳು. ಬಟ್ಟಲಿನಲ್ಲಿ ಉಳಿದದ್ದನ್ನೂ ಬಾನಿಗೆ ಕೊಡವಿದಳು.

ಸಾಲೆಯಲ್ಲೂ ಎಲ್ಲರಿಗೆ ಗೊತ್ತಿತ್ತು. ಅಜ್ಜ ಭಿಕ್ಷೆಗೆ ಹೊರಟಾಗ ಸಾಲೆಯ ಮುಂದಿನ ರಸ್ತೆಯಲ್ಲೇ ಗಂಟೆ ಆಡಿಸಿಕೊಂಡು ಹೋಗುತ್ತಿದ್ದ. ಆಗ ಹಿಂದಿನ ಸಾಲಿನಿಂದ ಮೆಲ್ಲಗೆ ಶುರುವಾಗುತ್ತಿತ್ತು.

"ಲೇ ಮೈಲಾರಿ, ನಿಮ್ಮಜ್ಜ ಕರೀತಾನೆ ನೋಡು. ಬೌ ಅನ್ನಲೇ."

"ಇವ್ನು ಈಗ ಅನ್ನಲ್ಲ ಬಿಡ್ರೋ. ಕೆಂಚ ಸಾಯ್ಲಿ, ಆಮ್ಯಾಲೆ ನಮ್ ಮನಿ ಮುಂದೂ ಬರ್ತಾನೆ. ನಮ್ಮವ್ವ ಒಂದು ರೊಟ್ಟಿ ಹೆಚ್ಚಿಗೇ ಬಡೀತಾಳೆ."

ಓದಿದರೆ ತಪ್ಪಿಸಿಕೊಳ್ಳಬಹುದು ಎಂದೆಲ್ಲ ಆಗ ನನಗೆ ಹೊಳೆದಿತ್ತು ಎಂದು ಹೇಳಲಾರೆ. ನನಗೆ ಬೇಕಾಗಿದ್ದದ್ದು ಬಹಳ ಸಣ್ಣದು: ಆ ಬೆಂಚಿನ ಮೇಲೆ ಕೂತಿರಬೇಕು, ಗಂಟೆಯ ಸದ್ದಿನ ಜೊತೆ ರಸ್ತೆಯಲ್ಲಿ ಇರಬಾರದು. ಅಷ್ಟಕ್ಕಾಗಿ ಕೆಂಚ ಬದುಕಿರಬೇಕಾಗಿತ್ತು.

ಕೆಂಚ ಮಂಕಾದದ್ದು ಸುಗ್ಗಿ ಮುಗಿದ ಮೇಲೆ, ಜೋಳದ ಕೂಳೆಯಲ್ಲಿ ಬೇರೆ ಊರಿನ ಕುರಿಗಳು ಮೇಯಲು ಬರುವ ಕಾಲದಲ್ಲಿ. ಮೊದಲು ಓಣಿ ಸುತ್ತುವುದು ಬಿಟ್ಟ. ತಂಪಿರುವ ನೀರಿನ ಹಂಡೆಯ ಬುಡ ಹುಡುಕಿ ಮಲಗತೊಡಗಿದ. ನನ್ನ ಲೆಕ್ಕದ ಪ್ರಕಾರ ಮೂಗು ಒಂದು ದಿನ ಒದ್ದೆ, ಒಂದು ದಿನ ಒಣ. ಹಿಂಗಾಲು ಎತ್ತಿ ಗೋಡೆಗೆ ಉಚ್ಚೆ ಹೊಯ್ದರೆ ಅದು ಬೆಲ್ಲದ ನೀರಿನ ಬಣ್ಣಕ್ಕಿರುತ್ತಿತ್ತು. ಕಿವಿಯ ಸಂದಿಯಲ್ಲಿ ಉಣ್ಣೆಗಳು ಹರಳಿನಂತೆ ಉಬ್ಬಿದ್ದವು. ಕಿತ್ತೆ, ಕಿತ್ತಷ್ಟೂ ಇದ್ದವು. ಇಷ್ಟೆಲ್ಲ ಕಂಡ ನನಗೆ ಎಲ್ಲಕ್ಕಿಂತ ದೊಡ್ಡ ಲಕ್ಷಣ ಕಾಣಲಿಲ್ಲ. ನನಗೊಬ್ಬನಿಗೇ ಅಲ್ಲ, ಮನೆಯಲ್ಲಿ ಯಾರಿಗೂ ಕಾಣಲಿಲ್ಲ. ಕೆಂಚ ಹಳದಿಯಾಗುತ್ತಿದ್ದ. ಬೇರೆ ಯಾರ ಮನೆಯ ನಾಯಿ ಹಳದಿಯಾಗಿದ್ದರೂ ಬೀದಿಯಲ್ಲಿ ಹೋಗುವವರು ಗುರುತು ಹಿಡಿಯುತ್ತಿದ್ದರು. ನಮ್ಮ ನಾಯಿ ವರ್ಷವೆಲ್ಲ ಹಳದಿಯಾಗಿಯೇ ಇರುತ್ತಿತ್ತು. ಭಾನುವಾರ ಬಳಿದ ಭಂಡಾರ ವಾರವೆಲ್ಲ ಉದುರಿ, ಶನಿವಾರಕ್ಕೆ ಕಿವಿಯೊಳಗೆ, ಹೊಟ್ಟೆಯ ಕೆಳಗೆ ಒಂದಿಷ್ಟು ಉಳಿಯುವುದು ಪದ್ಧತಿ. ಈ ಸಲ ಉದುರಲಿಲ್ಲ.

"ಈ ಸಲದ ಭಂಡಾರ ಭಾಳ ಚಲೋ ಐತೆ ಅಪ್ಪಾ," ಎಂದಳು ಗೌರತ್ತೆ. "ಬಣ್ಣ ಹೋಗಾದೇ ಇಲ್ಲ ನೋಡು."

ಅಜ್ಜ ಕೆಂಚನ ಕಣ್ಣನ್ನು ಬೆಳಕಿಗೆ ತಿರುಗಿಸಿ ನೋಡಿದ. ಬಿಳಿಯ ಜಾಗದಲ್ಲೂ ಹಳದಿ.

"ಭಂಡಾರ ಅಲ್ಲಬೇ ಗೌರಿ. ಸ್ವಾಮಿ ಒಳಗಿಂದ ಬರ್ತಾ ಅದಾನೆ. ಇಷ್ಟು ವರ್ಸ ಉಂಡಿದ್ದು ಮೈಗೆ ಹತ್ತೈತೆ."

ಹಾಗೆ ಹೇಳಿ ಕೈ ಮುಗಿದ. ಅವನ ಕಣ್ಣಲ್ಲಿ ನೀರಿತ್ತು. ಕಾಯಿಲೆಯನ್ನು ಕೃಪೆ ಎಂದು ಓದಿದ ಆ ಮುದುಕನ ಬಗ್ಗೆ ಆಮೇಲೆ ಹಾಸ್ಟೆಲಿನ ಗೆಳೆಯರ ಮುಂದೆ ಕತೆ ಕಟ್ಟಿ ನಗಿಸಿದ್ದೇನೆ. ಆದರೆ ಆ ದಿನ ಅವನ ಪಕ್ಕದಲ್ಲಿ ನಿಂತಿದ್ದ ನಾನೂ ಕೈ ಮುಗಿದಿದ್ದೆ ಎಂಬುದು ನೆನಪಿದೆ. ಸ್ವಾಮಿಯೇ ಕೆಂಚನ ಮೈಗೆ ಇಳಿದಿದ್ದರೆ ಕೆಂಚ ಸಾಯುವುದಿಲ್ಲ, ಅಲ್ಲವೇ? ನಾನು ಮಾಡಿದ ತರ್ಕ ಅಷ್ಟೇ.

ಅವ್ವ ಕೈ ಮುಗಿಯಲಿಲ್ಲ. ಅಜ್ಜ ಭಿಕ್ಷೆಗೆ ಹೋದದ್ದನ್ನು ನೋಡಿಕೊಂಡು ಕೆಂಚನನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ, ಬಿಸಿನೀರು ಹಾಕಿ, ಸೀಗೆಪುಡಿಯಲ್ಲಿ ತಿಕ್ಕಿದಳು. ಹಳದಿ ನೀರು ಹರಿದು ಹೋಯಿತು, ಆಮೇಲೆ ತಿಳಿನೀರು ಬಂತು. ಹೊಟ್ಟೆಯ ಕೆಳಗೆ ರೋಮವಿಲ್ಲದ ಚರ್ಮವನ್ನು ಸೆರಗಿನಿಂದ ಒರೆಸಿ ಸೆರಗು ನೋಡಿದಳು. ಸೆರಗಿಗೆ ಬಣ್ಣ ಹತ್ತಿರಲಿಲ್ಲ, ಚರ್ಮ ಹಳದಿಯಾಗಿತ್ತು. ಇನ್ನೊಮ್ಮೆ ಒರೆಸಿದಳು. ತುಟಿ ಎತ್ತಿದಳು. ಒಸಡು ಅರಿಶಿನದ ಕೊಂಬನ್ನು ಆಗತಾನೆ ಮುರಿದಂತಿತ್ತು.

"ಬಾಯಿ ಒಳಗೆ ಯಾರು ಬಳೀತಾರೆ ತಮ್ಮಾ," ಎಂದಳು. ನನಗೆ ಹೇಳಿದಳೋ, ತನಗೆ ತಾನೇ ಹೇಳಿಕೊಂಡಳೋ.

ದನದ ಆಸ್ಪತ್ರೆಗೆ ನಾವು ಕೆಂಚನನ್ನು ಗೋಣಿಯಲ್ಲಿ ಸುತ್ತಿ ಎತ್ತಿಕೊಂಡು ಹೋದೆವು. ಎಮ್ಮೆ, ಎತ್ತು ಹಿಡಿದುಕೊಂಡು ನಿಂತವರೆಲ್ಲ ನಕ್ಕರು. ಆಗ ಅಲ್ಲಿಗೆ ನಾಯಿ ತರುವ ರೂಢಿ ಇರಲಿಲ್ಲ. ಡಾಕ್ಟರು ಹೊರಗಿನ ಊರಿನ ಹುಡುಗ, ಅವಸರದವನು. ಕಣ್ಣು, ಒಸಡು ನೋಡಿದ. ಉಚ್ಚೆಯ ಬಣ್ಣ ಕೇಳಿದ. ಅವ್ವನಿಗಿಂತ ಮೊದಲು ನಾನು ಹೇಳಿದೆ.

"ಕಾಮಾಲೆ. ಉಣ್ಣೆ ಕಚ್ಚಿ ರಕ್ತ ಕೆಟ್ಟಿದೆ. ಎಷ್ಟು ದಿನದಿಂದ ಹೀಗಿದೆ? ಮೊದಲೇ ಕಾಣಲಿಲ್ಲವಾ ನಿಮಗೆ? ಇಷ್ಟು ಹಳದಿ!"

"ನಾವು ಅರಿಶಿನ ಹಚ್ತೀವ್ರೀ."

"ನಾಯಿಗೆ?"

ಅವ್ವ ಗೋಣಿಯ ಅಂಚನ್ನು ಕೆಂಚನ ಮೈಮೇಲೆ ಎಳೆದಳು. ಡಾಕ್ಟರು ಒಂದು ಸೂಜಿ ಹಾಕಿದ. ಇದಕ್ಕೆ ಸರಿಯಾದ ಔಷಧಿ ತನ್ನ ಬಳಿ ಇಲ್ಲವೆಂದ, ಇದ್ದರೂ ತಡವಾಗಿದೆ ಎಂದ. ಆಮೇಲೆ ನನ್ನ ಮುಖ ನೋಡಿಯೋ ಏನೋ, ಬೆಲ್ಲದ ನೀರು ಕುಡಿಸಿ, ಬದುಕಿದರೂ ಬದುಕಬಹುದು ಎಂದು ಸೇರಿಸಿದ.

ಹಿಂದೆ ಬರುವಾಗ ಅವ್ವ ಊರೊಳಗೆ ತಿರುಗಲಿಲ್ಲ. ಕೆರೆಯ ಆಚೆ, ಕೂಳೆ ಹೊಲವೊಂದರಲ್ಲಿ ಸಿದ್ದಣ್ಣ ಮಾವನ ಮಂದೆ ಬಿಟ್ಟಿತ್ತು. ವರ್ಷವೂ ಈ ಹೊತ್ತಿಗೆ ಅವನು ಜಗಳೂರಿನ ಒಣ ಸೀಮೆಯಿಂದ ಕುರಿ ಹೊಡೆದುಕೊಂಡು ಪಡುವಣಕ್ಕೆ ಹೋಗುತ್ತಿದ್ದ, ಮಳೆಗೆ ಮೊದಲು ಅದೇ ದಾರಿಯಲ್ಲಿ ವಾಪಸಾಗುತ್ತಿದ್ದ. ಮಾವ ಕೆಂಚನ ಬಾಯಿ ತೆರೆಸಿ ನೋಡಿ ಮೆಲ್ಲಗೆ ಮುಚ್ಚಿದ. ಅವ್ವ ಬದುವಿನ ಮೇಲೆ ಕೂತಳು. ಮಂದೆಯ ನಾಯಿಗಳು ಸುತ್ತ ಬಂದು ಕೆಂಚನನ್ನು ಮೂಸಿ ದೂರ ಸರಿದವು. ಅವುಗಳಲ್ಲಿ ಹಲವಕ್ಕೆ ಕಂದು ಮೈ, ಕೊರಳಲ್ಲಿ ಬಿಳಿ ಪಟ್ಟೆ.

"ಇವೆಲ್ಲ ಇದರ ಬಳಗಾನೇ ಏನೋ ಸಿದ್ದಾ?"

"ಹೂನಕ್ಕ. ಒಂದೇ ಕುಲ. ಯಾಕೆ?"

ಅವ್ವ ನನ್ನ ಕಡೆ ತಿರುಗಿದಳು.

"ತಮ್ಮಾ, ಅಲ್ಲಿ ಈದ ಕುರಿ ಐತಂತೆ, ಮರಿ ನೋಡ್ಹೋಗು."

ಹೋದೆ. ಮರಿ ನೋಡಿದೆ. ಅವರು ಏನು ಮಾತಾಡಿದರೋ ನನಗೆ ಕೇಳಲಿಲ್ಲ. ವಾಪಸು ಬಂದಾಗ ಕೆಂಚ ಮಾವನ ಕಂಬಳಿಯ ಮೇಲೆ ಮಲಗಿದ್ದ. ಮಂದೆಯವರ ಹತ್ತಿರ ನಾರು ಬೇರಿನ ಔಷಧಿ ಇದೆ, ಮಾವ ಜೊತೆಗೆ ಕರೆದುಕೊಂಡು ಹೋಗಿ ವಾಸಿ ಮಾಡಿ ತರುತ್ತಾನೆ ಎಂದಳು ಅವ್ವ. ಕೆಂಚನ ಮೂಗು ಮುಟ್ಟಿದೆ. ಒಣಗಿ ಬಿಸಿಯಾಗಿತ್ತು. ಬಾಲದ ತುದಿ ನೆಲಕ್ಕೆ ಒಂದು ಸಲ ಬಡಿಯಿತು.

ಆಮೇಲಿನ ದಿನಗಳಲ್ಲಿ ಆ ಮನೆಯ ಗೋಡೆಗಳು ಇನ್ನಷ್ಟು ಹತ್ತಿರ ಬಂದವು. ಅಜ್ಜ ಅವ್ವನಿಗೆ ಏನೂ ಅನ್ನಲಿಲ್ಲ. ಒಂದು ಬೆಳಿಗ್ಗೆ ಕಂಬಳಿ ಹೊಲಿಯುವವನನ್ನು ಕರೆಸಿ ನನ್ನನ್ನು ಪಡಸಾಲೆಯಲ್ಲಿ ನಿಲ್ಲಿಸಿದ. ಅಂಗಿಯ ಗುಂಡಿ ಬಿಚ್ಚಿದ್ದು ಗೌರತ್ತೆ. ಹೊಲಿದು ತಂದ ದಿನ ನನಗದನ್ನು ತೊಡಿಸಿ ನೋಡಿದರು. ಬೇಸಿಗೆ. ಉಣ್ಣೆಯ ಕಂಬಳಿ ಮೈಗೆ ಚುಚ್ಚುತ್ತಿತ್ತು, ಕುರಿಯ ಕೊಬ್ಬಿನ ವಾಸನೆ ಮೂಗಿಗೆ ಕಟ್ಟಿತು. ಬೆಳೆಯುವ ಹುಡುಗ ಎಂದು ತೋಳನ್ನು ಉದ್ದ ಇಟ್ಟಿದ್ದರು. ನನ್ನ ಕೈಗಳು ಒಳಗೇ ಉಳಿದು, ಎಷ್ಟು ಚಾಚಿದರೂ ಹೊರಗೆ ಬರಲಿಲ್ಲ. ಕೈಗಳಿಲ್ಲದವನ ಹಾಗೆ ನಿಂತು ಬಾಗಿಲ ಕಡೆ ನೋಡಿದೆ. ಬಾಗಿಲಿನಲ್ಲಿ ಬಿಸಿಲಿತ್ತು, ಬಿಸಿಲಿಗೂ ನನಗೂ ನಡುವೆ ಅಜ್ಜ ಇದ್ದ.

"ಹೆಂಗೈತೆ ಮೈಲಾರಿ? ಶಕಿ ಆಗ್ತೈತೇನು?"

"ಹೂನಜ್ಜ."

"ನನಗೂ ಆಗ್ತಿತ್ತು. ನಮ್ಮಪ್ಪ ತೊಡಿಸ್ದಾಗ ನಾನೂ ನಿನ್ನಷ್ಟೇ ಇದ್ದೆ. ಅತ್ತು ಅತ್ತು ಅದರೊಳಗೇ ಉಚ್ಚೆ ಹೊಯ್ಕಂಡಿದ್ದೆ."

ಗೌರತ್ತೆ ನಕ್ಕಳು. ಅಜ್ಜ ನಗಲಿಲ್ಲ. ತಾನೇ ಬಗ್ಗಿ ಕಂಬಳಿಯ ತೋಳುಗಳನ್ನು ಒಂದೊಂದಾಗಿ ಮಡಿಚಿ ಕೈ ಹೊರಗೆ ತೆಗೆದ. ಈ ಮಾತು ಅವನು ಆಡಿದ್ದೇ ಹೌದೇ, ಅಥವಾ ಅವನನ್ನು ಕ್ಷಮಿಸುವ ಅನುಕೂಲಕ್ಕೆ ನಾನು ಅವನ ಬಾಯಲ್ಲಿ ಇಟ್ಟದ್ದೇ, ಎಂದು ಬಹಳ ಸಲ ಯೋಚಿಸಿದ್ದೇನೆ. ಉಚ್ಚೆಯ ವಿಷಯವನ್ನು ನಾನು ಕಟ್ಟಿರಲಾರೆ ಎನಿಸುತ್ತದೆ. ಆ ಪುಟ್ಟ ಕಂಬಳಿ ಅವನ ಕಂಬಳಿಯ ಪಕ್ಕದ ಗೂಟಕ್ಕೆ ಹೋಯಿತು. ಸಾಲೆಗೆ ಹೋಗುವಾಗ, ಬರುವಾಗ, ಉಣ್ಣುವಾಗ ಅದು ಕಾಣುತ್ತಿತ್ತು. ಕೆಂಚನ ಸುದ್ದಿ ಬರುವತನಕ ಎಂದಿದ್ದ ಅಜ್ಜ.

ಸುದ್ದಿ ಬರಲಿಲ್ಲ, ನಾಯಿಯೇ ಬಂತು. ಮೊದಲ ಮೋಡಗಳು ಕಾಣಿಸಿಕೊಂಡ ಹೊತ್ತಿಗೆ ಮಾವ ಹಗ್ಗ ಹಿಡಿದು ಬಾಗಿಲಲ್ಲಿ ನಿಂತಿದ್ದ. ಹಗ್ಗದ ಕೊನೆಯಲ್ಲಿ ಕಂದು ಮೈ, ಕೊರಳಲ್ಲಿ ಬಿಳಿ ಪಟ್ಟೆ. ನಾನು ಓಡಿಹೋಗಿ ಮೂಗು ಮುಟ್ಟಿದೆ: ಒದ್ದೆ, ತಣ್ಣಗೆ. ತುಟಿ ಎತ್ತಿದೆ: ಒಸಡು ಗುಲಾಬಿ. ಕಣ್ಣು ಬೆಳ್ಳಗೆ. ನನಗೆ ಗೊತ್ತಿದ್ದ ಎಲ್ಲ ಕಾಯಿಲೆಗಳನ್ನೂ ಅದರ ಮೈಯಲ್ಲಿ ಹುಡುಕಿದೆ, ಒಂದೂ ಇರಲಿಲ್ಲ. ಎಷ್ಟು ಸಂತೋಷವಾಯಿತೆಂದರೆ ಬೇರೇನನ್ನೂ ಹುಡುಕಲಿಲ್ಲ. ಕೆಂಚನ ಎಡಗಿವಿಯ ತುದಿ ಹಂದಿಯ ಜೊತೆಯ ಜಗಳದಲ್ಲಿ ಹರಿದಿತ್ತು. ಇದರ ಎಡಗಿವಿಯೂ ಹರಿದಿತ್ತು. ಆದರೆ ಆ ಹರಕಿನ ಅಂಚಿನಲ್ಲಿ ಹಕ್ಕಳೆ ಇತ್ತು, ಇನ್ನೂ ಉದುರದ ಹೊಸ ಗಾಯದ ಹಕ್ಕಳೆ. ಅದನ್ನು ನಾನು ಆಗ ನೋಡಿದೆನೇ, ಅಥವಾ ದೇಹ ಗಾಯ ಮಾಯಿಸುವ ಬಗೆಯನ್ನು ತರಗತಿಯಲ್ಲಿ ಪಾಠ ಮಾಡುತ್ತಿದ್ದಾಗ ಎಂದೋ ನೋಡಿದೆನೇ? ಇನ್ನೊಂದು ನೆನಪಿನ ಬಗ್ಗೆ ನನಗೆ ಅನುಮಾನವಿಲ್ಲ. ನಾಯಿ ನಮ್ಮ ಹೊಸ್ತಿಲ ಮುಂದೆ ನಿಂತು, ಎಡಕ್ಕೆ ನೋಡಿತು, ಬಲಕ್ಕೆ ನೋಡಿತು. ಯಾವ ಕಡೆ ಹೋಗಬೇಕೆಂದು ಅದಕ್ಕೆ ತಿಳಿಯಲಿಲ್ಲ.

"ದಾರಿ ಮರ್ತೈತೆ ಪಾಪ," ಎಂದಳು ಅವ್ವ. "ಜ್ವರಕ್ಕೆ."

ಭಾನುವಾರ ಬಂತು. ಅವ್ವ ರೊಟ್ಟಿ ಹಿಟ್ಟಿನ ಕೈಯಲ್ಲೇ ಅಡುಗೆ ಮನೆಯ ಬಾಗಿಲಿಗೆ ಬಂದು ನಿಂತಳು. ಅಜ್ಜ ಭಂಡಾರದ ತಟ್ಟೆ ಪಕ್ಕಕ್ಕಿಟ್ಟು ನಾಯಿಯನ್ನು ಎರಡು ಮೊಣಕಾಲುಗಳ ನಡುವೆ ಹಿಡಿದ. ಸಂತೇಬೆನ್ನೂರಿನ ಸಂತೆಯಲ್ಲಿ ಎತ್ತು ಕೊಳ್ಳುವಾಗ ನಮ್ಮ ಓಣಿಯವರೆಲ್ಲ ಅಜ್ಜನನ್ನೇ ಕರೆದುಕೊಂಡು ಹೋಗುತ್ತಿದ್ದರು. ಹಲ್ಲು ನೋಡಿ ವಯಸ್ಸು ಹೇಳುವುದರಲ್ಲಿ ಅವನನ್ನು ಯಾವ ದಲ್ಲಾಳಿಯೂ ಏಮಾರಿಸಿದ್ದಿಲ್ಲ. ಈಗ ಅವನು ನಾಯಿಯ ದವಡೆಯನ್ನು ಎರಡೂ ಕೈಯಿಂದ ಅಗಲಿಸಿದ. ಬೆಳಕಿಂಡಿಯ ಬಿಸಿಲು ಬಾಯೊಳಗೆ ಬಿತ್ತು. ಕೆಂಚನ ಕೋರೆಹಲ್ಲುಗಳು ಸವೆದು ಕಂದಾಗಿದ್ದವು, ಮುಂದಿನ ಒಂದು ಹಲ್ಲು ಬಿದ್ದೇ ಹೋಗಿತ್ತು. ಈ ಬಾಯಿಯ ತುಂಬ ಹೊಸ ಹಲ್ಲು, ಹಾಲಿನಷ್ಟು ಬೆಳ್ಳಗೆ, ತುದಿಯೆಲ್ಲ ಚೂಪು. ಅಜ್ಜ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ತಲೆಯೆತ್ತಿ ಅವ್ವನನ್ನು ನೋಡಿದ. ಅವ್ವನ ಬೆರಳಿನ ಹಿಟ್ಟು ಒಣಗಿ ಬಿರುಕು ಬಿಡುತ್ತಿತ್ತು. ಅವಳು ಕಣ್ಣು ತಗ್ಗಿಸಲಿಲ್ಲ. ಗೌರತ್ತೆ ಅಜ್ಜನ ಹೆಗಲ ಮೇಲಿಂದ ಬಗ್ಗಿದಳು.

"ಅಪ್ಪಾ, ಇದರ ಹಲ್ಲು..."

"ಗೌರೀ, ಒಲಿ ಮ್ಯಾಲೆ ಹಾಲು ಉಕ್ತೈತೆ. ಹೋಗು."

"ಹಾಲು ಇಟ್ಟೇ ಇಲ್ಲಪ್ಪಾ."

"ಇಡು ಹೋಗು."

ಅವಳು ಹೋದಳು. ಅಜ್ಜ ನಾಯಿಯ ಬಾಯಿ ಮುಚ್ಚಿ, ಒಂದು ಹಿಡಿ ಭಂಡಾರ ತೆಗೆದು ಹಣೆಗೆ, ಬೆನ್ನಿಗೆ, ಹಕ್ಕಳೆಗಟ್ಟಿದ ಆ ಕಿವಿಗೆ ದಪ್ಪವಾಗಿ ಬಳಿದ.

"ಹಲ್ಲು ಗಟ್ಟಿ ಅದಾವೆ ಹಾಲವ್ವ. ಇನ್ನೂ ಭಾಳ ವರ್ಸ ದುಡೀತೈತೆ."

ಆಮೇಲೆ ಎದ್ದು ಗೂಟದಿಂದ ನನ್ನ ಪುಟ್ಟ ಕಂಬಳಿ ತೆಗೆದ. ಅವನು ಅದನ್ನು ಕೊಡವಿ, ನಾಲ್ಕು ಮಡಿಕೆ ಮಾಡಿ, ಕಂಬದ ಬುಡದಲ್ಲಿ ಹಾಸಿ, ನಾಯಿಯನ್ನು ಅದರ ಮೇಲೆ ಕೂರಿಸಿದ. ಕುರಿಯ ವಾಸನೆಗೆ ಅದು ಸುತ್ತು ಹಾಕಿ, ಕಂಬಳಿಯನ್ನು ಮೂಸಿ, ಮೂತಿ ಅದರೊಳಗೆ ಹೂತು ಮಲಗಿತು.

ಅದನ್ನು ಕೆಂಚ ಎಂದೇ ಕರೆದೆವು. ನಾನು ಸಾಲೆಗೆ ಹೋದೆ, ಹೊನ್ನಾಳಿಯ ಹಾಸ್ಟೆಲಿಗೆ ಹೋದೆ, ಅಲ್ಲಿಂದ ಮುಂದಕ್ಕೂ ಹೋದೆ, ಅಜ್ಜ ತೀರಿಕೊಂಡ. ಹಿಂದಿನ ಕೆಂಚನ ಲೆಕ್ಕವನ್ನೂ ಸೇರಿಸಿದರೆ ಯಾವ ಊರ ನಾಯಿಯೂ ಬದುಕದಷ್ಟು ಕಾಲ ನಮ್ಮ ಕೆಂಚ ಬದುಕಿದ. ಆದರೆ ಈ ಕೆಂಚನನ್ನು ನಾವು ಬಿಟ್ಟು ಸಾಕಲಿಲ್ಲ. ಪಡಸಾಲೆಯ ಕಂಬಕ್ಕೆ ಸರಪಳಿ ಹಾಕಿ ಕಟ್ಟಿದ್ದೆವು, ಬಿಟ್ಟರೆ ಕೆರೆಯ ದಾರಿ ಹಿಡಿದು ಓಡುತ್ತಿತ್ತು. ವರ್ಷಕ್ಕೊಮ್ಮೆ ಮಂದೆಗಳು ಊರ ಹೊರಗೆ ಹಾದುಹೋಗುವಾಗ ಕುರಿಗಳ ಕೊರಳ ಗಂಟೆ ಕೇಳಿಸಿದರೆ ಎದ್ದು ನಿಂತು, ಸರಪಳಿ ಎಷ್ಟು ಬರುತ್ತದೋ ಅಷ್ಟು ಮುಂದೆ ಬಂದು, ಬಾಗಿಲ ಬಿಸಿಲಿನ ಕಡೆ ಮುಖ ಮಾಡಿ ಊಳಿಡುತ್ತಿತ್ತು. ಪಾಟಿಚೀಲ ಹೆಗಲಿಗೆ ಹಾಕಿಕೊಂಡ ನಾನು ಅದನ್ನು ದಾಟಿಯೇ ಹೊರಗೆ ಹೋಗಬೇಕಾಗಿತ್ತು. ಅದರ ಮೂಗು ಯಾವಾಗಲೂ ಒದ್ದೆಯಾಗಿರುತ್ತಿತ್ತು. ಒಸಡು ಗುಲಾಬಿ, ಕಿವಿ ಶುಚಿ, ಹೊಟ್ಟೆ ಸರಿ. ನನಗೆ ಗೊತ್ತಿದ್ದ ಯಾವ ಲಕ್ಷಣವೂ ಅದಕ್ಕಿರಲಿಲ್ಲ. ಕೊರಳ ಬಿಳಿ ಪಟ್ಟೆಯಲ್ಲಿ ಮಾತ್ರ ಸರಪಳಿ ಉಜ್ಜಿ ರೋಮ ಉದುರಿತ್ತು.

ಅವ್ವ ಹಣ್ಣಾದ ಮೇಲೆ ನಾನು ಕೇಳಿದ್ದುಂಟು. ರಜೆಗೆ ಹೋದಾಗಲೆಲ್ಲ ಕೇಳುತ್ತಿದ್ದೆ. ನನಗೆ ಸಾಕ್ಷಿ ಬೇಕಾಗಿತ್ತು. ಅವಳು ಮೊರದಲ್ಲಿ ಜೋಳ ಹಸನು ಮಾಡುತ್ತ ಪ್ರತಿ ಸಲವೂ ಅದನ್ನೇ ಹೇಳುತ್ತಿದ್ದಳು.

"ಅದೇ ನಾಯಪ್ಪಾ. ನಿಮ್ಮ ಮಾವ ಔಷಧಿ ಹಾಕಿ ತಂದ."

ಕಿವಿಯ ಹಕ್ಕಳೆ ಹೇಳಿದೆ. ಹಲ್ಲು ಹೇಳಿದೆ. ಅವಳು ಮೊರ ಕೇರುವುದನ್ನು ನಿಲ್ಲಿಸಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ, ಕೇಳಬೇಕೆಂದುಕೊಳ್ಳದೆಯೇ ಕೇಳಿದೆ:

"ಕೆಂಚನ್ನ ನಾವು ಯಾವತ್ತೂ ಕಟ್ಟಿರ್ಲಿಲ್ಲಲ್ಲವ್ವಾ. ಅದೇ ನಾಯಿ ಆಗಿದ್ರೆ, ವಾಪಸ್ ಬಂದ್ಮ್ಯಾಲೆ ಯಾಕೆ ಕಟ್ಟಿದಿ?"

ಮೊರ ನಿಂತಿತು. ಅವ್ವ ಪಡಸಾಲೆಯ ಕಡೆ ನೋಡಿದಳು. ಕಂಬದ ಬುಡದಲ್ಲಿ ಸರಪಳಿ ತಿಕ್ಕಿ ತಿಕ್ಕಿ ಮರ ಸವೆದ ಗುರುತು ಇನ್ನೂ ಇತ್ತು.

"ಒಬ್ಬರನ್ನಾರ ಕಟ್ಟಬೇಕಾಗಿತ್ತಲ್ಲ ತಮ್ಮಾ," ಎಂದಳು.